ಎರಡು ಸೀದಾ, ಎರಡು ಉಲ್ಟಾ

ತಿಪ್ಪೇಸ್ವಾಮಿಯವರು ಕೂತದ್ದೇ ತಪ್ಪಾಯಿತು. ಮೂವತ್ತಾರು ವರ್ಷ ಕೇಂದ್ರ ಸರಕಾರದ ಕುರ್ಚಿಯಲ್ಲಿ ಕೂತು ಯಾರಿಗೂ ತೊಂದರೆ ಕೊಡದೆ ನಿವೃತ್ತರಾದ ಮನುಷ್ಯ, ನಿವೃತ್ತಿಯ ಎಂಟನೇ ತಿಂಗಳಲ್ಲಿ ತಮ್ಮದೇ ಮನೆಯ ದಿವಾನಿನ ಮೇಲೆ ಕೂತು ದೊಡ್ಡ ಸಂಕಟಕ್ಕೆ ಸಿಕ್ಕಿಹಾಕಿಕೊಂಡರು.

ಸಂಕ್ರಾಂತಿಯ ಮರುದಿನ. ರಾಜಧಾನಿಯ ದ್ವಾರಕಾ ಬಡಾವಣೆಯ ಮೇಲೆ ಮಂಜು ಎಷ್ಟು ದಟ್ಟವಾಗಿ ಬಿದ್ದಿತ್ತೆಂದರೆ ಎದುರಿನ ಬ್ಲಾಕಿನ ಬಾಲ್ಕನಿಗಳು ಇವೆಯೋ ಇಲ್ಲವೋ ಎಂದು ಅನುಮಾನ ಬರುವಂತಿತ್ತು. ಅವರ ಹೆಂಡತಿ ಮನೋರಮಾ ಎಳ್ಳುಬೆಲ್ಲದ ಡಬ್ಬಿ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, ರೋಹಿಣಿಯಲ್ಲಿರುವ ತಂಗಿ ಅಹಲ್ಯಾಳ ಮನೆಗೆ ಹೊರಟಿದ್ದರು. ಎರಡು ಕಡೆ ಮೆಟ್ರೊ ಬದಲಿಸಿ ಹೋಗಬೇಕು, ವಾಪಸ್ಸು ಬರುವುದು ಸಂಜೆ ಆರಕ್ಕೆ.

"ಅನ್ನ ಕುಕ್ಕರಿನಲ್ಲಿದೆ, ಹುಳಿ ಬಿಸಿ ಮಾಡ್ಕೊಳ್ಳಿ. ಗೀಸರ್ ಆರಿಸಿ. ಮತ್ತೆ, ರೀ, ದಯವಿಟ್ಟು ಏನನ್ನೂ ಜೋಡಿಸೋಕೆ ಹೋಗ್ಬೇಡಿ. ಇದ್ದ ಹಾಗೇ ಇರ್ಲಿ."

"ನಾನೇನು ಮಾಡ್ತೀನಿ? ಕಾಫಿ ಕುಡಿದು ಪೇಪರ್ ಓದ್ತೀನಿ ಅಷ್ಟೆ," ಎಂದರು ತಿಪ್ಪೇಸ್ವಾಮಿ.

ಹೇಳಿದ ಮಾತಿಗೆ ತಪ್ಪದೆ ಲೋಟದ ತುಂಬ ಕಾಫಿ ಬೆರೆಸಿಕೊಂಡು, ಶಾಲು ಹೊದ್ದು, ದಿವಾನಿನ ಮೇಲೆ ಕೂತರು. ಕೂತ ಮರುಕ್ಷಣವೇ ಚುರ್ರೆಂದಿತು. ಕರೆಂಟು ಹೊಡೆದವರಂತೆ ಎದ್ದು ಬಿಟ್ಟರು. ಒಂದು ಹೆಣಿಗೆಯ ಕಡ್ಡಿ ಠಣ್ಣೆಂದು ನೆಲಕ್ಕೆ ಬಿದ್ದು ಟಿ.ವಿ. ಸ್ಟ್ಯಾಂಡಿನ ಕೆಳಗೆ ಉರುಳಿಹೋಯಿತು. ಅವರು ಅದನ್ನು ಗಮನಿಸಲಿಲ್ಲ. ಚುಚ್ಚಿದ ಜಾಗದ ಬಗ್ಗೆಯೇ ಅವರ ಚಿಂತೆಯಿದ್ದುದರಿಂದ, ಲೋಟ ಇಡಲು ಅಡುಗೆಮನೆಗೆ ಹೋದರು, ಗಾಯವಾಗಿದೆಯೇ ಎಂದು ನೋಡಿಕೊಳ್ಳಲು ಮಲಗುವ ಕೋಣೆಯ ನಿಲುಗನ್ನಡಿಗೆ ಹೋದರು, ಅಲ್ಲಿ ಬೆಳಕು ಸಾಲದೆ ಬಚ್ಚಲುಮನೆಗೆ ಹೋದರು, ಹೋದವರಿಗೆ ನೆನಪಾಗಿ ಗೀಸರ್ ಆರಿಸಿದರು. ತಿರುಗಿ ನೋಡಿದರೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಬಚ್ಚಲಿಗೆ ಒಂದು ಮರೂನ್ ಬಣ್ಣದ ಉಲ್ಲನ್ ದಾರ ಮೆಟ್ರೊ ನಕ್ಷೆಯ ಗೆರೆಯಂತೆ ಹಾಯ್ದಿತ್ತು. ಅದರ ಕೊನೆಯ ನಿಲ್ದಾಣ ಅವರ ಸ್ವೆಟರಿನ ಮೂರನೇ ಗುಂಡಿ.

ಗೆರೆಯನ್ನು ಹಿಂಬಾಲಿಸಿ ಬಂದು ದಿವಾನಿನ ಮುಂದೆ ನಿಂತಾಗ ನಡೆದದ್ದೇನೆಂದು ಅವರಿಗೆ ತಿಳಿಯಿತು. ಉಲ್ಲನ್ನಿನ ಉಂಡೆ ದಿಂಬಿನ ಅಡಿಗೆ ಸಿಕ್ಕಿಕೊಂಡು ಅಲ್ಲಾಡದೆ ಕೂತಿತ್ತು. ಹಾಗಾಗಿ ಬಿಚ್ಚುವ ಕೆಲಸವೆಲ್ಲ ಹೆಣಿಗೆಯ ಪಾಲಿಗೆ ಬಂದಿತ್ತು. ಎರಡು ಗೇಣು ಉದ್ದವಿದ್ದ ಮನೋರಮಾ ಅವರ ಹೆಣಿಗೆ ಈಗ ಒಂದು ಗೇಣಿತ್ತು. ಉಳಿದದ್ದು ನೆಲದ ಮೇಲೆ, ಸೊಟ್ಟಸೊಟ್ಟಗೆ, ಬೇಯಿಸಿದ ನೂಡಲ್ಸಿನಂತೆ ಬಿದ್ದಿತ್ತು.

ಬೇರೆ ಯಾವ ದಿನವಾಗಿದ್ದರೂ ತಿಪ್ಪೇಸ್ವಾಮಿ ಇಷ್ಟು ಹೆದರುತ್ತಿರಲಿಲ್ಲ. ಆದರೆ ಹಿಂದಿನ ಭಾನುವಾರ ಒಂದು ಘಟನೆ ನಡೆದಿತ್ತು. ಸೊಸೈಟಿಯ ಪಾರ್ಕಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಹೆಂಗಸರು ಸಾಲಾಗಿ ಹೆಣೆಯುತ್ತಾ ಕೂತಿದ್ದಾಗ, ಹಾಲು ತರಲು ಹೊರಟಿದ್ದ ಇವರು ಹೆಂಡತಿಯ ಮುಂದೆ ನಿಂತು, "ಏನಿದು, ಕಾಲೊರಸು ಹೆಣೀತಿದ್ದೀಯಾ?" ಎಂದು ಕೇಳಿದ್ದರು. ಕೇಳಿದ್ದು ಕನ್ನಡದಲ್ಲಾದರೂ ಕಾಲು ತೋರಿಸಿ ಕೇಳಿದ್ದರಿಂದ ಪಂಜಾಬಿ ಹೆಂಗಸರಿಗೂ ಅರ್ಥವಾಗಿ ಎಲ್ಲರೂ ನಕ್ಕರು. ಮನೋರಮಾ ಕೂಡ ನಕ್ಕರು. ಆದರೆ ಮನೆಗೆ ಬಂದ ಮೇಲೆ ಎರಡು ದಿನ ಮಾತಿಲ್ಲ, ಮೂರು ಹೊತ್ತೂ ಉಪ್ಪಿಟ್ಟು. ಮೂರನೇ ದಿನ ಹೇಳಿದ್ದು ಒಂದೇ ವಾಕ್ಯ: "ನನ್ನ ಹೆಣಿಗೆ ತಂಟೆಗೆ ಇನ್ನೊಂದ್ಸಲ ಬಂದ್ರೆ ನೋಡಿ."

ಈಗ ಬಂದಾಗಿತ್ತು. ಬೇಕೆಂದೇ ಬಿಚ್ಚಿದರು ಎಂದು ಅವಳು ತಿಳಿಯುವುದರಲ್ಲಿ ಸಂಶಯವೇ ಇರಲಿಲ್ಲ. ಕೂತೆ, ಎದ್ದೆ, ಬಿಚ್ಚಿಕೊಂಡಿತು ಎಂದರೆ ಯಾವ ಹೆಂಡತಿ ನಂಬುತ್ತಾಳೆ? ತಾವೇ ಆ ಜಾಗದಲ್ಲಿದ್ದರೂ ಅಂಥ ವಿವರಣೆಯ ಮೇಲೆ "ಸಮಾಧಾನಕರವಾಗಿಲ್ಲ" ಎಂದು ಷರಾ ಬರೆಯುತ್ತಿದ್ದರು.

ಗಂಟೆ ಹತ್ತಾಗಿತ್ತು. ಆರು ಗಂಟೆಯವರೆಗೆ ಎಂಟು ತಾಸು. ಹಳೆಯ ಕಾಲದಲ್ಲಿ ಕಳೆದುಹೋದ ಕಡತವನ್ನು ಮೂರು ದಿನದಲ್ಲಿ ಹೊಸದಾಗಿ ಸೃಷ್ಟಿಸಿ ಮೇಲಧಿಕಾರಿಯಿಂದ ಸೈ ಎನಿಸಿಕೊಂಡವರು ಅವರು. ಒಂದು ಗೇಣು ಹೆಣಿಗೆ ಯಾವ ಲೆಕ್ಕ? ಕಡ್ಡಿಯನ್ನು ಟಿ.ವಿ. ಸ್ಟ್ಯಾಂಡಿನ ಕೆಳಗಿನಿಂದ ಹೊರತೆಗೆದು, ಮೊಬೈಲ್ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, "ಮನೆಯಲ್ಲೇ ಹೆಣಿಗೆ, ಹೊಸಬರಿಗೆ" ಎಂದು ಹುಡುಕಿದರು. ಸಾಲುಸಾಲಾಗಿ ವಿಡಿಯೋಗಳು ಬಂದವು. ಹೊಸಬರಿಗೆ ಹತ್ತು ಸುಲಭ ಹೆಣಿಗೆಗಳು. ಒಂದೇ ಮಧ್ಯಾಹ್ನದಲ್ಲಿ ಮಫ್ಲರ್. ಹತ್ತೇ ನಿಮಿಷದಲ್ಲಿ ಟೋಪಿ.

ಪರದೆಯ ಮೇಲೆ ಬಂದ ಹೆಂಗಸು ನಗುಮುಖದವಳು. "ಇದು ತುಂಬಾ ಸುಲಭ," ಎಂದವಳೇ ಒಂದೇ ಉಸಿರಿನಲ್ಲಿ ಕಡ್ಡಿ ತೂರಿಸಿ, ದಾರ ಸುತ್ತಿ, ಎಳೆದು, ಕುಣಿಕೆ ಜಾರಿಸಿ, "ಅಷ್ಟೆ!" ಎಂದಳು. ತಿಪ್ಪೇಸ್ವಾಮಿ ಅವಳನ್ನು ಹದಿನಾಲ್ಕು ಸಲ ಹಿಂದಕ್ಕೆ ಎಳೆದು ತಂದರು. ಹದಿನಾಲ್ಕು ಸಲವೂ ಅವಳು ಅಷ್ಟೇ ನಗುತ್ತಾ "ಅಷ್ಟೆ!" ಎಂದಳು. ಹದಿನೈದನೇ ಸಲ ನೋಡುವಾಗ ಅವರ ಎಡಗೈಯ ಹೆಬ್ಬೆರಳು ಕಿರುಬೆರಳಿನ ಜೊತೆ ಕಟ್ಟಿಹಾಕಿಕೊಂಡಿತ್ತು. ಕಡ್ಡಿಗೆ ಏರಬೇಕಾದ ನಲವತ್ತು ಕುಣಿಕೆಗಳಲ್ಲಿ ಹನ್ನೊಂದು ಏರಿದ್ದವು, ಉಳಿದವು ಬಾಯಿ ತೆರೆದು ನೋಡುತ್ತಿದ್ದವು.

ಆಗ ಮೇಲಿನ ಮನೆಯ ಸ್ಫೂರ್ತಿ ನೆನಪಾದಳು. ದಾವಣಗೆರೆಯ ಹುಡುಗಿ, ಗುರುಗ್ರಾಮದ ಯಾವುದೋ ಕಂಪನಿಯಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಲಿಫ್ಟಿನಲ್ಲಿ ಒಮ್ಮೆ ಅವಳ ಕೈಯಲ್ಲಿ ಉಲ್ಲನ್ ಕಂಡ ನೆನಪು. ತಿಪ್ಪೇಸ್ವಾಮಿ ಎಲ್ಲವನ್ನೂ ದಿಂಬಿನ ಕವರಿನಲ್ಲಿ ತುಂಬಿಕೊಂಡು, ಕಟ್ಟಿಹೋದ ಬೆರಳಿನಿಂದಲೇ ಅವಳ ಮನೆಯ ಬೆಲ್ ಒತ್ತಿದರು.

"ಅಯ್ಯೋ ಅಂಕಲ್!" ಎಂದಳು ಸ್ಫೂರ್ತಿ, ಕಿವಿಯಲ್ಲಿದ್ದ ಇಯರ್‌ಫೋನು ತೆಗೆಯುತ್ತಾ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಕಾಲಿಗೆ ಮಲಗುವಾಗಿನ ಪೈಜಾಮ. "ಡೋಂಟ್ ವರಿ. ನಾನೂ ಬಿಗಿನರ್ರೇ. ಆದ್ರೆ ಬೇಸಿಕ್ಸ್ ಎಲ್ಲಾ ಗೊತ್ತು. ನೋಡಿ, ಇದನ್ನ ನಾನೇ ಮಾಡಿದ್ದು." ಅವಳು ತೋರಿಸಿದ್ದು ಗುಲಾಬಿ ಬಣ್ಣದ ಒಂದು ವಸ್ತು. ಟೀ ಕಪ್ಪಿನ ಕೆಳಗೆ ಇಡುವುದಂತೆ. ದುಂಡಗೂ ಇರಲಿಲ್ಲ, ಚೌಕವೂ ಆಗಿರಲಿಲ್ಲ.

"ಚೆನ್ನಾಗಿದೆಯಮ್ಮ," ಎಂದರು ತಿಪ್ಪೇಸ್ವಾಮಿ. ಕಷ್ಟದಲ್ಲಿದ್ದವರು ಇನ್ನೇನು ಹೇಳುತ್ತಾರೆ?

ಸ್ಫೂರ್ತಿ ಹೆಣಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಂಕಲ್, ಮೇಲಿನ ಲೈನ್ ಡ್ಯಾಮೇಜ್ ಆಗಿದೆ. ಒಂದೇ ಒಂದು ಲೈನ್ ಬಿಚ್ಚಿ ನೀಟ್ ಮಾಡ್ಕೊಂಡು, ಆಮೇಲೆ ಕಡ್ಡಿಗೆ ಹಾಕ್ಬೇಕು. ಈಸಿ." ಎಂದು ದಾರದ ತುದಿ ಹಿಡಿದು ಎಳೆದಳು. ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಯಾರೋ ಅವಳ ಹೆಸರು ಕರೆದರು. ಸ್ಫೂರ್ತಿ ಪರದೆಯತ್ತ ತಿರುಗಿ "ಯೆಸ್, ಐ ಅಗ್ರೀ," ಎನ್ನುತ್ತಾ ಎಳೆದಳು, "ಬೈ ಫ್ರೈಡೇ," ಎನ್ನುತ್ತಾ ಎಳೆದಳು. ತಿಪ್ಪೇಸ್ವಾಮಿ ಮೀಟಿಂಗಿಗೆ ಭಂಗ ಬಾರದಂತೆ ಬಾಯಿ ತೆರೆಯದೆ ಎರಡೂ ಕೈ ಬೀಸಿದರು. ಅದನ್ನು ಕ್ಯಾಮೆರಾದಲ್ಲಿ ಕಂಡ ಯಾರೋ ಅವರಿಗೂ ಗುಡ್ ಮಾರ್ನಿಂಗ್ ಹೇಳಿದರು. ಅವಳು ತಿರುಗಿ ನೋಡುವಾಗ ಒಂದು ಗೇಣು ಹೋಗಿ ನಾಲ್ಕು ಬೆರಳಿನಷ್ಟು ಉಳಿದಿತ್ತು.

"ಸಾರಿ ಅಂಕಲ್," ಎಂದು ಪಿಸುಗುಟ್ಟಿದಳು ಸ್ಫೂರ್ತಿ. "ಒಂದು ಕೆಲ್ಸ ಮಾಡಿ. ಇದು ಏನಾಗ್ಬೇಕಿತ್ತು ಅಂತ ಆಂಟೀನ ಕೇಳಿ. ಮಫ್ಲರ್ರೋ ಸ್ವೆಟರ್ರೋ ಗೊತ್ತಾದ್ರೆ ಪ್ಯಾಟರ್ನ್ ಸಿಗುತ್ತೆ."

ಒಳ್ಳೆಯ ಸಲಹೆಯೇ. ಆದರೆ ಕೇಳುವುದು ಹೇಗೆ? ಮೆಟ್ಟಿಲಲ್ಲೇ ನಿಂತು ತಿಪ್ಪೇಸ್ವಾಮಿ ಹೆಂಡತಿಗೆ ಫೋನು ಮಾಡಿದರು.

"ಏನ್ರೀ? ಗೀಸರ್ ಆರಿಸಿದ್ರಾ?"

"ಆಗ್ಲೇ ಆರಿಸ್ದೆ. ಸುಮ್ನೆ ಮಾಡ್ದೆ. ತಲುಪಿದ್ಯಾ?"

"ಈಗ ತಾನೇ ತಲುಪಿದೆ. ಏನ್ ಸಮಾಚಾರ ಹೇಳಿ."

"ಏನಿಲ್ಲ. ಚಳಿ ಜಾಸ್ತಿ ಇದೆ. ಚಳಿಗೆ... ಅಂದ್ರೆ, ಕುತ್ತಿಗೆಗೆ ಚಳಿ ಆಗೋರು ಇರ್ತಾರೆ, ಎದೆಗೆ ಚಳಿ ಆಗೋರು ಇರ್ತಾರೆ. ನಿನಗೆ ಎಲ್ಲಿಗೆ ಆಗುತ್ತೆ?"

"ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಕೇಳಿ, ತಗೊಂಡೆ ಎಂದದ್ದಕ್ಕೆ "ಮಲಗಿ ಸ್ವಲ್ಪ," ಎಂದು ಮನೋರಮಾ ಫೋನು ಇಟ್ಟರು.

ಮನೆಗೆ ಇಳಿದು ಬಂದರೆ ಬಾಗಿಲ ಮುಂದೆ ಕೇಶವಮೂರ್ತಿ ನಿಂತಿದ್ದರು. ಪಕ್ಕದ ಬ್ಲಾಕಿನವರು, ಅಂಕಿಅಂಶ ಇಲಾಖೆಯಿಂದ ನಿವೃತ್ತರು, ಎಳ್ಳುಬೆಲ್ಲ ತರುವ ನೆಪದಲ್ಲಿ ಕಾಫಿಗೆ ಬಂದವರು. ದಿಂಬಿನ ಕವರಿನಿಂದ ಇಣುಕುತ್ತಿದ್ದ ಮರೂನ್ ದಾರ ಅವರ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಐದು ನಿಮಿಷದಲ್ಲಿ ಎಲ್ಲ ವಿಷಯವೂ ಅವರ ಕೈಸೇರಿತು.

"ಮೂರ್ತಿಗಳೇ, ಇದು ನಮ್ಮಿಬ್ಬರಲ್ಲೇ ಇರ್ಬೇಕು," ಎಂದು ಬೇಡಿಕೊಂಡರು ತಿಪ್ಪೇಸ್ವಾಮಿ.

"ಛೆ, ಹೇಳ್ಬೇಕಾ ಸ್ವಾಮಿ?" ಕೇಶವಮೂರ್ತಿ ಕನ್ನಡಕ ಏರಿಸಿ ನಾಲ್ಕು ಬೆರಳಿನ ಚೂರನ್ನು ಬೆಳಕಿಗೆ ಹಿಡಿದರು. "ನನ್ನ ಅಂದಾಜು ಪ್ರಕಾರ ಇದು ಮಿಕ್ಸಿಗೆ ಹೊದಿಸೋ ಕವರು. ಅಗಲ ನೋಡಿ, ಸರಿಯಾಗಿ ಮಿಕ್ಸಿಯದ್ದೇ."

"ಮಿಕ್ಸಿಗೆ ಯಾಕ್ರೀ ಉಲ್ಲನ್ನು? ಅದಕ್ಕೇನು ಚಳಿಯಾ?"

"ಹೆಂಗಸರ ವಿಷಯ, ನಮಗೇನು ಗೊತ್ತು? ತಡೀರಿ, ಇನ್ನೊಬ್ಬರ ಅಭಿಪ್ರಾಯ ಕೇಳೋಣ." ಕೇಶವಮೂರ್ತಿ ಮೊಬೈಲು ತೆಗೆದು ಒಂದು ಫೋಟೊ ಹೊಡೆದು, ತಿಪ್ಪೇಸ್ವಾಮಿ ಕೈ ಚಾಚುವಷ್ಟರಲ್ಲಿ ಕಳಿಸಿಯೂ ಬಿಟ್ಟರು. "ಹೆದರ್ಬೇಡಿ. ಬೆಳಗಿನ ವಾಕಿಂಗ್ ಗ್ರೂಪಿಗೆ ಹಾಕಿದ್ದು. ಬರೀ ಗಂಡಸರ ಗ್ರೂಪು. ಹೆಂಗಸರಿಗೆ ಹೋಗೋ ಪ್ರಶ್ನೆಯೇ ಇಲ್ಲ."

ಹೆಂಗಸರಿಗೆ ಹೋಗಲು ಏಳು ನಿಮಿಷ ಹಿಡಿಯಿತು. ಎಂಟನೇ ನಿಮಿಷಕ್ಕೆ ಬೆಲ್ಲು ಸದ್ದು ಮಾಡಿತು. ಬಾಗಿಲಲ್ಲಿ ಎದುರು ಮನೆಯ ಶ್ರೀಮತಿ ಭಾಟಿಯಾ. ಎಪ್ಪತ್ತರ ಹತ್ತಿರದ ವಯಸ್ಸು, ಕಾಲಿಗೆ ಸ್ಪೋರ್ಟ್ಸ್ ಶೂ, ತಲೆಗೆ ತಾವೇ ಹೆಣೆದ ಹಳದಿ ಟೋಪಿ. ಪಾರ್ಕಿನ ಹೆಣಿಗೆ ಮಂಡಳಿಗೆ ಅವರೇ ಅಧ್ಯಕ್ಷೆ, ಅವರೇ ಕಾರ್ಯದರ್ಶಿ. ಭಾಟಿಯಾ ಸಾಹೇಬರು ಗ್ರೂಪಿನಲ್ಲಿ ಬಂದದ್ದನ್ನು ಜೋರಾಗಿ ಓದಿ ಹೇಳಿದ್ದರಂತೆ.

"ಅರೇ ಭಾಯೀಸಾಬ್!" ಎಂದರು ಅವರು ತಮ್ಮ ಪಂಜಾಬಿ ಬೆರೆತ ಹಿಂದಿಯಲ್ಲಿ. "ಇಷ್ಟು ಸಣ್ಣ ವಿಷಯಕ್ಕೆ ಮುಖ ಯಾಕೆ ಹೀಗೆ ಒಣಗಿಸಿಕೊಂಡಿದ್ದೀರಿ? ಇದು ಮಫ್ಲರ್. ನಾನೇ ಶುರು ಮಾಡಿಕೊಟ್ಟದ್ದು. ದೋ ಸೀಧಾ, ದೋ ಉಲ್ಟಾ. ಎರಡು ಕುಣಿಕೆ ಸೀದಾ, ಎರಡು ಉಲ್ಟಾ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ."

ತಿಪ್ಪೇಸ್ವಾಮಿಗೆ ಹೋದ ಜೀವ ಬಂದಂತಾಯಿತು. "ಭಾಭೀಜಿ, ಎರಡು ಗೇಣು ಇತ್ತು. ಅಷ್ಟೇ ಮಾಡಿಕೊಟ್ಟುಬಿಡಿ. ಸಂಜೆ ಆರರೊಳಗೆ. ಅವಳಿಗೆ ಗೊತ್ತಾಗಬಾರದು."

"ನಾನು ಮಾಡಿಕೊಡೋದಾ?" ಭಾಟಿಯಾ ಸೊಂಟದ ಮೇಲೆ ಕೈಯಿಟ್ಟರು. "ತಪ್ಪು ಮಾಡಿದ್ದು ನೀವು. ಹೆಣೆಯೋರೂ ನೀವೇ. ನಾನು ಕಲಿಸ್ತೀನಿ. ಚಲೋ, ಬಿಸಿಲು ಬಂದಿದೆ. ಪಾರ್ಕಿಗೆ."

ಹೀಗೆ ಹನ್ನೆರಡು ಗಂಟೆಯ ಬಿಸಿಲಲ್ಲಿ, ಮಾಜಿ ಸೆಕ್ಷನ್ ಆಫೀಸರ್ ತಿಪ್ಪೇಸ್ವಾಮಿ, ನಾಲ್ಕು ಜನ ಹೆಂಗಸರ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮೊಣಕೈ ಮೈಗೆ ಒತ್ತಿಕೊಂಡು ಕೂತರು. ನಡುವೆ ಒಂದು ಹಳೆಯ ಪೇಪರಿನ ಮೇಲೆ ನೆಲಗಡಲೆಯ ಗುಡ್ಡೆ, ಪಕ್ಕದಲ್ಲಿ ಸುಲಿಯಲು ತಂದ ಬಟಾಣಿ. ಅವರಿಗೆ ಮೊದಲು ಆದದ್ದು ನಾಚಿಕೆ. ವಾಕಿಂಗ್ ಗ್ರೂಪಿನ ಗಂಡಸರು ಬೇಕಿದ್ದರೂ ಬೇಡದಿದ್ದರೂ ಆ ಕಡೆ ಸುಳಿದರು. ಕೇಶವಮೂರ್ತಿಯಂತೂ ಎದುರಿನ ಬೆಂಚಿನ ಮೇಲೆ ಕೂತು, ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಸಾಲುಗಳನ್ನು ಎಣಿಸುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡರು.

"ಕಡ್ಡಿ ಹೀಗಲ್ಲ ಭಾಯೀಸಾಬ್, ಪೆನ್ನು ಹಿಡಿದ ಹಾಗೆ ಹಿಡೀಬೇಡಿ. ಇದು ಸೈನ್ ಮಾಡೋ ಕಾಗದ ಅಲ್ಲ." "ದಾರ ಬಿಗಿ ಎಳೀಬೇಡಿ, ಅದೇನು ಓಡಿಹೋಗುತ್ತಾ?" "ಸೀಧಾ! ಸೀಧಾ! ಅಯ್ಯೋ, ಇದು ಉಲ್ಟಾ!" ನಾಲ್ಕು ಬಾಯಿಗಳಿಂದ ನಾಲ್ಕು ಆಜ್ಞೆಗಳು. ಅವರ ಸರ್ವಿಸಿನಲ್ಲಿ ಒಬ್ಬರಿಗೆ ನಾಲ್ಕು ಜನ ಮೇಲಧಿಕಾರಿಗಳು ಎಂದೂ ಇರಲಿಲ್ಲ.

ಆದರೆ ಒಂದು ಗಂಟೆಯ ಹೊತ್ತಿಗೆ ಏನೋ ಆಯಿತು. ಕಡ್ಡಿಯ ತುದಿ ಕುಣಿಕೆಯೊಳಗೆ ಹೋಯಿತು, ದಾರ ಸುತ್ತಿಕೊಂಡಿತು, ಹೊಸ ಕುಣಿಕೆ ಹೊರಗೆ ಬಂತು, ಹಳೆಯದು ತಾನೇ ಜಾರಿತು. ಇನ್ನೊಮ್ಮೆ ಮಾಡಿದರು. ಇನ್ನೊಮ್ಮೆಯೂ ಬಂತು. ವಿಡಿಯೋದ ಹೆಂಗಸು "ಅಷ್ಟೆ!" ಎನ್ನುತ್ತಿದ್ದದ್ದು ಇದಕ್ಕೇ ಎಂದು ಅವರಿಗೆ ಹೊಳೆಯಿತು. ಬೆನ್ನ ಮೇಲೆ ಬಿಸಿಲು ಹದವಾಗಿ ಕಾಯುತ್ತಿತ್ತು. ಒಂದು ಸಾಲು ಮುಗಿಸಿ ತಲೆಯೆತ್ತಿದಾಗ ಯಾರೋ ಸುಲಿದ ಕಡಲೆಬೀಜವನ್ನು ಅವರ ಅಂಗೈಗೆ ಹಾಕಿದರು. ನಿವೃತ್ತಿಯಾದ ಮೇಲೆ ಇಷ್ಟು ಹೊತ್ತು ಗಡಿಯಾರ ನೋಡದೆ ಅವರು ಕೂತದ್ದು ಇದೇ ಮೊದಲು.

"ಶಾಬಾಶ್," ಎಂದರು ಭಾಟಿಯಾ. "ನಿಮ್ಮ ಕೈ ಮನೋರಮಾ ಕೈಗಿಂತ ಚುರುಕು. ಅವಳಿಗೆ ನವೆಂಬರಿನಿಂದ ಹೇಳಿಕೊಡ್ತಿದ್ದೀನಿ. ಒಳ್ಳೆ ಹೆಂಗಸು, ಆದರೆ ಕೈಯಲ್ಲಿ ವೇಗ ಇಲ್ಲ."

ಕೇಶವಮೂರ್ತಿ ಎದುರಿನಿಂದ ಲೆಕ್ಕ ಒಪ್ಪಿಸಿದರು. "ಸ್ವಾಮಿ, ಈಗಿನ ವೇಗದಲ್ಲಿ ಎರಡು ಗೇಣು ಆಗೋಕೆ ರಾತ್ರಿ ಒಂಬತ್ತೂಕಾಲು."

ತಿಪ್ಪೇಸ್ವಾಮಿಯವರ ಮುಖ ಬಾಡಿತು. ಅದನ್ನು ನೋಡಿ ಭಾಟಿಯಾ ಅವರ ಮನಸ್ಸು ಕರಗಿತು. ಕಡ್ಡಿ ಕಿತ್ತುಕೊಂಡು ತಾವೇ ಹೆಣೆಯತೊಡಗಿದರು. ಬೆರಳುಗಳು ಹೊಲಿಗೆ ಯಂತ್ರದಂತೆ ಓಡಿದವು. ಹತ್ತು ಸಾಲು ಮುಗಿಸಿ ಪಕ್ಕದವರಿಗೆ ಕೊಟ್ಟರು, ಅವರು ಹತ್ತು ಸಾಲು ಹಾಕಿ ಆಚೆಯವರಿಗೆ. ನಾಲ್ಕನೆಯವರಿಂದ ಮತ್ತೆ ತಿಪ್ಪೇಸ್ವಾಮಿಗೆ, ಅವರಿಗೆ ಎರಡೇ ಸಾಲು. ಮಫ್ಲರ್ ಪ್ರಸಾದದ ತಟ್ಟೆಯಂತೆ ಕೈಯಿಂದ ಕೈಗೆ ಸುತ್ತಿತು. ಊಟಕ್ಕೆ ಮನೆಗೆ ಹೋಗುತ್ತೇನೆ ಎಂದ ತಿಪ್ಪೇಸ್ವಾಮಿಯವರನ್ನು ಹೆಂಗಸರು ಬಿಡಲಿಲ್ಲ. ಯಾರದೋ ಮನೆಯಿಂದ ಮೂಲಂಗಿ ಪರೋಟ, ಇನ್ನೊಬ್ಬರ ಮನೆಯಿಂದ ಉಪ್ಪಿನಕಾಯಿ ಬಂತು. ಕುಕ್ಕರಿನ ಅನ್ನ ಕುಕ್ಕರಿನಲ್ಲೇ ಉಳಿಯಿತು.

ಮೂರು ಗಂಟೆಗೆ ಎರಡು ಗೇಣಾಯಿತು.

"ಸಾಕು ಭಾಭೀಜಿ, ಇಷ್ಟೇ ಇತ್ತು," ಎಂದು ತಿಪ್ಪೇಸ್ವಾಮಿ ಕೈ ಮುಗಿದರು.

"ಸಾಕಾ?" ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಐದು ಜನ ಸೇರಿ ಹುರುಪಿಗೆ ಬಂದ ಕೆಲಸವನ್ನು ಮಧ್ಯದಲ್ಲಿ ನಿಲ್ಲಿಸುವುದು ಅವರಿಗೆ ಒಗ್ಗದ ವಿಷಯ. ಭಾಟಿಯಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಭಾಯೀಸಾಬ್, ನೀವು ಅವಳ ಹೆಣಿಗೇನ ಕಾಲೊರಸು ಅಂದಿದ್ದು ನಾವೆಲ್ಲ ಕೇಳಿದ್ದೀವಿ. ಇದ್ದಷ್ಟೇ ಮಾಡಿಟ್ಟರೆ ತಪ್ಪು ಮುಚ್ಚಿಕೊಂಡ ಹಾಗಾಯ್ತು. ಪೂರ್ತಿ ಮಾಡಿ ಕೈಗೆ ಕೊಟ್ಟರೆ? ನನ್ನ ಗಂಡ ಹೆಣೆದುಕೊಟ್ಟ ಅಂತ ಆಯಸ್ಸಿಡೀ ಹೇಳಿಕೊಂಡು ತಿರುಗ್ತಾಳೆ. ನಮ್ಮೆಜಮಾನರು ನಲವತ್ತೆಂಟು ವರ್ಷದಲ್ಲಿ ನನಗೊಂದು ಗುಂಡಿ ಹೊಲಿದುಕೊಟ್ಟಿಲ್ಲ."

ಆ ಮಾತು ತಿಪ್ಪೇಸ್ವಾಮಿಯವರ ಎದೆಗೆ ನಾಟಿತು. ಮನೋರಮಾ ಬಾಗಿಲು ತೆರೆಯುತ್ತಾಳೆ, ತಾವು ಏನೂ ಹೇಳದೆ ಮಫ್ಲರನ್ನು ಅವಳ ಕೊರಳಿಗೆ ಹಾಕುತ್ತಾರೆ, ಅವಳ ಕಣ್ಣಲ್ಲಿ ನೀರು. ಮದುವೆಯ ದಿನ ಹಾರ ಹಾಕಿದ್ದು ಬಿಟ್ಟರೆ ಅವಳ ಕೊರಳಿಗೆ ತಾವಾಗಿ ಏನೂ ಹಾಕಿದ ನೆನಪು ಅವರಿಗಿರಲಿಲ್ಲ.

"ಚಲೋ," ಎಂದರು ತಿಪ್ಪೇಸ್ವಾಮಿ, ಕಡ್ಡಿಗೆ ಕೈ ಚಾಚುತ್ತಾ.

ಐದೂವರೆಗೆ, ಬಿಸಿಲು ಪಾರ್ಕಿನ ಗೋಡೆ ಹತ್ತಿ ಆಚೆ ಇಳಿಯುವ ಹೊತ್ತಿಗೆ, ಕೊನೆಯ ಸಾಲನ್ನು ಮುಚ್ಚಿ ಭಾಟಿಯಾ ದಾರವನ್ನು ಹಲ್ಲಿನಿಂದ ಕಡಿದರು. ತುದಿಗಳಿಗೆ ಕುಚ್ಚು ಕಟ್ಟಿದ್ದೂ ಆಯಿತು. ಬಿಚ್ಚಿದ ದಾರದ್ದೆಂದು ಯಾರೂ ಹೇಳುವಂತಿರಲಿಲ್ಲ. ಅಲ್ಲಲ್ಲಿ ಎರಡೆರಡು ಸಾಲು ಮಾತ್ರ ರಸ್ತೆಯ ಉಬ್ಬಿನಂತೆ ಎದ್ದು ಕಾಣುತ್ತಿದ್ದವು. ಅವು ತಿಪ್ಪೇಸ್ವಾಮಿಯವರ ಕೈಕೆಲಸ. "ಅವೇ ಚೆಂದ," ಎಂದರು ಹೆಂಗಸರು. ಕೇಶವಮೂರ್ತಿ ಒಟ್ಟು ಸಾಲುಗಳ ಸಂಖ್ಯೆ ಬರೆದ ಚೀಟಿಯನ್ನು ಮಡಿಸಿ ತಿಪ್ಪೇಸ್ವಾಮಿಯವರ ಜೇಬಿಗಿಟ್ಟರು.

ಆರು ಗಂಟೆ ಹತ್ತು ನಿಮಿಷಕ್ಕೆ ಮನೋರಮಾ ಬಂದರು. ಬೂಟು, ಕಾಲುಚೀಲ ತೆಗೆದು, ಕೈಚೀಲ ಮೇಜಿನ ಮೇಲಿಟ್ಟು, "ಉಸ್ಸಪ್ಪಾ," ಎಂದು ದಿವಾನಿನ ಮೇಲೆ ಕೂತರು. ತಿಪ್ಪೇಸ್ವಾಮಿ ಹಿಂದಿನಿಂದ ಬಂದು, ಅಂದುಕೊಂಡಂತೆಯೇ, ಏನೂ ಹೇಳದೆ ಮಫ್ಲರನ್ನು ಅವರ ಕೊರಳಿಗೆ ಹಾಕಿದರು.

ಮನೋರಮಾ ಅದನ್ನು ಮುಟ್ಟಿ ನೋಡಿದರು. ಬಣ್ಣ ನೋಡಿದರು. ಕುಚ್ಚು ನೋಡಿದರು. ಅವರ ಕಣ್ಣು ಒಂದು ಗಳಿಗೆ ಹಾಗೇ ನಿಂತುಬಿಟ್ಟಿತು.

"ಇದು ನಂದೇ ಅಲ್ವೇನ್ರೀ?"

"ನಿಂದೇ. ಬೆಳಿಗ್ಗೆ ತಿಳೀದೆ ಅದರ ಮೇಲೆ ಕೂತುಬಿಟ್ಟೆ. ಬಿಚ್ಚಿಹೋಯ್ತು. ಸತ್ಯವಾಗ್ಲೂ ಬೇಕಂತ ಮಾಡಿದ್ದಲ್ಲ. ಆಮೇಲೆ ಭಾಟಿಯಾ ಅವರ ಹತ್ರ ಕಲಿತು, ನಾನೂ ಹೆಣೆದು, ಎಲ್ಲಾ ಸೇರಿ... ನೋಡು, ಪೂರ್ತಿ ಮುಗಿಸಿಬಿಟ್ಟಿದ್ದೀವಿ!"

"ಮುಗಿಸಿಬಿಟ್ರಾ?" ಎಂದರು ಮನೋರಮಾ. ರೈಲು ತಪ್ಪಿಸಿಕೊಂಡವರ ದನಿ ಅದು. ಕಣ್ಣಲ್ಲಿ ನೀರು ನಿಜವಾಗಿಯೂ ಬಂದಿತ್ತು. ಆದರೆ ತಿಪ್ಪೇಸ್ವಾಮಿ ಅಂದುಕೊಂಡಿದ್ದ ಬಗೆಯದಲ್ಲ.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ರೀ. ಅದೇ ತೊಂದರೆ ಆಗಿದ್ದು." ಮನೋರಮಾ ಮಫ್ಲರನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಾಳೆ ನಾನೇ ಬಿಚ್ಚೋಳಿದ್ದೆ. ಎರಡು ಗೇಣಾದಾಗಲೆಲ್ಲ ಬಿಚ್ಚಿಬಿಡ್ತೀನಿ. ನೀವು ಮಧ್ಯಾಹ್ನ ಮಲಗಿದಾಗ. ನವೆಂಬರಿನಿಂದ ಆರು ಸಲ ಬಿಚ್ಚಿದ್ದೀನಿ."

ತಿಪ್ಪೇಸ್ವಾಮಿಗೆ ಕೇಳಿದ್ದು ಸರಿಯಾಗಿ ಕೇಳಿತೋ ಇಲ್ಲವೋ ತಿಳಿಯಲಿಲ್ಲ. "ಬಿಚ್ಚೋದು ಯಾಕೆ?"

"ಮುಗಿದ್ರೆ ಭಾಟಿಯಾ ಆಂಟಿ ಸ್ವೆಟರಿಗೆ ಹಾಕ್ತಾರೆ. ತೋಳು, ಕುತ್ತಿಗೆ, ಗುಂಡಿಪಟ್ಟಿ. ನನ್ನ ಕೈಲಿ ಆಗಲ್ಲ. ನನಗೆ ಹೆಣಿಗೆ ಅಂದ್ರೇನೇ ಆಗಲ್ಲ ರೀ. ಕೈಯಲ್ಲಿ ಏನೋ ಒಂದು ಇದ್ರೆ ಅಲ್ಲಿ ಹೋಗಿ ಕೂರೋಕೆ ಒಂದು ನೆಪ."

"ಕೂರೋಕೆ ನೆಪ ಯಾಕೆ ಬೇಕು? ಮನೇಲೇ ಕೂರಬಹುದಲ್ಲ. ನಾನಿರ್ತೀನಿ."

ಮನೋರಮಾ ಮೆಲ್ಲಗೆ, ನೋಯಿಸಬಾರದೆಂದು ಒಂದೊಂದೇ ಮಾತು ಆರಿಸಿಕೊಂಡವರಂತೆ ಹೇಳಿದರು. "ನಿಮ್ಮ ಮೇಲೆ ಕೋಪ ಏನಿಲ್ಲ. ಮೂವತ್ತು ವರ್ಷ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಈ ಮನೆ ನಂದಾಗಿತ್ತು. ರೇಡಿಯೋ ಹಾಕ್ಕೊಂಡು ಹಾಡ್ತಿದ್ದೆ. ಈಗ ಒಗ್ಗರಣೆಗೆ ಎಣ್ಣೆ ಕಾಯೋ ಮೊದಲೇ ನೀವು ಬಂದು ಪಕ್ಕದಲ್ಲಿ ನಿಂತಿರ್ತೀರಿ. ಸಾಸಿವೆ ಸ್ವಲ್ಪ ಜಾಸ್ತಿ ಆಯ್ತೇನೋ ಅಂತೀರಿ. ಅದಕ್ಕೇ ದಿನಕ್ಕೆ ಎರಡು ಗಂಟೆ ಪಾರ್ಕಿಗೆ ಹೋಗ್ತಿದ್ದೆ. ನಿಮ್ಮಿಂದ ರಜೆ ಅಂದ್ಕೊಳ್ಳಿ."

ತಿಪ್ಪೇಸ್ವಾಮಿ ಎದುರಿನ ಕುರ್ಚಿಯ ಮೇಲೆ ಕೂತರು. ಈ ಸಲ ಕುರ್ಚಿಯನ್ನು ಮುಟ್ಟಿ ನೋಡಿಯೇ ಕೂತರು. ಹಾಗಾದರೆ ಬೆಳಿಗ್ಗೆ ಕೂತು ಎದ್ದು, ಬಿಚ್ಚಿದ್ದನ್ನು ಹಾಗೆಯೇ ಬಿಟ್ಟು ಪೇಪರ್ ಓದಿಕೊಂಡಿದ್ದರೆ ಹೆಂಡತಿಗೆ ಒಂದು ಕೆಲಸ ಉಳಿಸಿದಂತಾಗುತ್ತಿತ್ತು. ಇಡೀ ದಿನ ಅಷ್ಟು ಕಷ್ಟಪಟ್ಟು ಅವರು ಹಾಳುಮಾಡಿದ್ದು ಅವಳ ಎರಡು ಗಂಟೆಯ ರಜೆಯನ್ನು. ತುಂಬ ಬೇಸರವಾಯಿತು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆಲ್ಲು ಸದ್ದು ಮಾಡಿತು.

ಬಾಗಿಲಲ್ಲಿ ಭಾಟಿಯಾ. ಕೈಯಲ್ಲಿ ಹೊಸ ಉಲ್ಲನ್ನಿನ ಎಂಟು ಉಂಡೆಗಳಿದ್ದ ಚೀಲ.

"ಮನೋರಮಾ, ಬಂದೆಯಾ? ನೋಡಿದೆಯಾ ನಿನ್ನ ಗಂಡನ ಕೆಲಸ! ನೀನು ಬೇಜಾರು ಮಾಡ್ಕೋಬೇಡ, ನಾವೆಲ್ಲ ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದೀವಿ. ನಿನ್ನ ಕೈ ನಿಧಾನ. ಆ ಜಾಗ ಭಾಯೀಸಾಬ್‌ಗೆ. ಗುರುದ್ವಾರದ ಹತ್ತಿರದ ಶಾಲೆಯ ಮಕ್ಕಳಿಗೆ ಮಾರ್ಚ್ ಒಳಗೆ ನಲವತ್ತು ಟೋಪಿ ಆಗಬೇಕು. ಹೊಸಬರಿಗೆ ತುಂಬಾ ಸುಲಭ. ನಾಳೆಯಿಂದ ದಿನಾ ಹನ್ನೊಂದು ಗಂಟೆಗೆ."

ತಿಪ್ಪೇಸ್ವಾಮಿಗೆ ಕಣ್ಣ ಮುಂದೆ ನಲವತ್ತು ಪುಟ್ಟ ತಲೆಗಳು ಸಾಲಾಗಿ ನಿಂತಂತಾಯಿತು. "ದಿನಾನಾ? ಭಾಭೀಜಿ, ಇವತ್ತು ಏನೋ ಆಪತ್ತು ಅಂತ ಬಂದೆ. ಮನೆಯಲ್ಲಿ ನನಗೆ ನೂರೆಂಟು ಕೆಲಸ. ಇವಳಿಗೆ ಸಹಾಯ ಮಾಡಬೇಕು, ಇವಳೊಬ್ಬಳೇ..." ಎನ್ನುತ್ತಾ ರಕ್ಷಣೆಗಾಗಿ ಹೆಂಡತಿಯ ಕಡೆ ತಿರುಗಿದರು.

ಮನೋರಮಾ ಎದ್ದು ನಿಂತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಕಳೆಗುಂದಿದ್ದ ಮುಖ ಈಗ ಮಂಜು ಸರಿದ ದ್ವಾರಕಾದ ಹನ್ನೊಂದು ಗಂಟೆಯಂತಿತ್ತು. ಮುಂದೆ ಬಂದು ಉಲ್ಲನ್ನಿನ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಬರ್ತಾರೆ ಆಂಟಿ, ಪಕ್ಕಾ ಬರ್ತಾರೆ," ಎಂದರು. "ಹನ್ನೊಂದಕ್ಕೆ ಯಾಕೆ, ಹತ್ತೂವರೆಗೇ ಕಳಿಸ್ತೀನಿ. ಊಟದ ಡಬ್ಬೀನೂ ಕಟ್ಟಿಕೊಡ್ತೀನಿ."